ಜಿಮಖಾನಾ ಶುಲ್ಕವೂ ಸಂಜೆಯ ಬಸ್ಸೂ

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸೀಮೆಯ ಕಾಲೇಜುಗಳಲ್ಲಿ ‘ಜಿಮಖಾನಾ’ ಎಂಬ ಶಬ್ದದ ಆಯುಷ್ಯ ಇನ್ನೂ ಮುಗಿದಿಲ್ಲ. ಬೆಂಗಳೂರು, ಮೈಸೂರಿನ ಕಡೆಯವರಿಗೆ ಈ ಶಬ್ದ ಕೇಳಿದರೆ ದೊಡ್ಡವರು ಇಸ್ಪೀಟು ಆಡುವ ಕ್ಲಬ್ಬು ನೆನಪಾದೀತು. ಕಾರವಾರ, ಅಂಕೋಲೆಯ ಹುಡುಗರಿಗೆ ಹಾಗಲ್ಲ. ಭಾಷಣ, ನಾಟಕ, ರಂಗೋಲಿ ಇತ್ಯಾದಿ ಯೂನಿಯನ್ನಿನ ಪಾಲು. ವಾಲಿಬಾಲು, ಕಬಡ್ಡಿ, ಓಟ, ಗುಂಡು ಎಸೆತ ಜಿಮಖಾನೆಯ ಪಾಲು. ವರ್ಷದ ಕೊನೆಯಲ್ಲಿ ಎರಡಕ್ಕೂ ಸೇರಿ ಒಂದು ಸಮಾರೋಪ, ಒಬ್ಬ ಮುಖ್ಯ ಅತಿಥಿ, ಒಂದು ಮೇಜಿನ ತುಂಬ ಸ್ಟೀಲಿನ ಕಪ್ಪುಗಳು.

ಹಿಂದುಸ್ತಾನಿಯ ‘ಗೇಂದ್ ಖಾನಾ’, ಅಂದರೆ ಚೆಂಡಿನ ಮನೆ, ಇಂಗ್ಲಿಷರ ನಾಲಿಗೆಯಲ್ಲಿ ‘ಜಿಮ್ನಾಸ್ಟಿಕ್ಸ್’ ಜೊತೆ ಬೆರೆತು ಜಿಮಖಾನಾ ಆಯಿತೆಂದು ನಿಘಂಟುಕಾರರ ಊಹೆ. 1862ರಲ್ಲಿ ಉತ್ತರ ಕನ್ನಡ ಮದ್ರಾಸು ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿತು; 1956ರವರೆಗೂ ಅಲ್ಲೇ ಇತ್ತು. ಆ ತೊಂಬತ್ತು ಚಿಲ್ಲರೆ ವರ್ಷಗಳ ಬಳುವಳಿಗಳಲ್ಲಿ ‘ಮಾಸ್ತರ’ ಎಂಬುದು ಒಂದಾದರೆ ಜಿಮಖಾನಾ ಇನ್ನೊಂದು.

ಶಬ್ದದ ಜಾತಕ ಇರಲಿ. ಕಾಲೇಜಿಗೆ ಸೇರುವ ದಿನ ಕಟ್ಟುವ ಹಣದ ರಶೀದಿಯಲ್ಲೂ ಈ ಶಬ್ದ, ಅಥವಾ ‘ಕ್ರೀಡಾ ಶುಲ್ಕ’ ಎಂಬ ಅದರ ತಮ್ಮ, ಕಾಣಿಸಿಕೊಳ್ಳುತ್ತದೆ. ದೊಡ್ಡ ಮೊತ್ತವಲ್ಲ. ಆದರೆ ಅದನ್ನು ಎಲ್ಲರೂ ಕಟ್ಟುತ್ತಾರೆ. ಮೀನು ಮಾರುವ ಹರಿಕಂತ್ರ ತಾಯಿಯ ಮಗಳೂ ಕಟ್ಟುತ್ತಾಳೆ, ಹಿಲ್ಲೂರು, ಅಚವೆಯ ಕಡೆಯಿಂದ ಬರುವ ರೈತನ ಮಗನೂ ಕಟ್ಟುತ್ತಾನೆ. ಮೂರು ವರ್ಷ ಕಳೆದು ಇಬ್ಬರೂ ಡಿಗ್ರಿ ಪಡೆದು ಹೊರಬೀಳುವಾಗ, ಒಮ್ಮೆಯೂ ಮೈದಾನಕ್ಕೆ ಇಳಿಯದೆ ಹೋಗಿರುವುದು ಸಾಧ್ಯ. ಆ ಹಣ ಎಲ್ಲಿಗೆ ಹೋಯಿತು? ಯಾರೂ ತಿಂದು ಹಾಕಿರಲಿಕ್ಕಿಲ್ಲ. ತಂಡದಲ್ಲಿ ಆಯ್ಕೆಯಾದ ಬೆರಳೆಣಿಕೆಯ ಆಟಗಾರರ ಜರ್ಸಿಗೆ, ಧಾರವಾಡಕ್ಕೆ ಹೋಗಿಬರುವ ಟಿ.ಎ., ಡಿ.ಎ.ಗೆ, ನೆಟ್ಟಿಗೆ, ಚೆಂಡಿಗೆ, ಸಮಾರೋಪದ ಕಪ್ಪುಗಳಿಗೆ ನ್ಯಾಯವಾಗಿಯೇ ಖರ್ಚಾಗಿರುತ್ತದೆ.

ಎಲ್ಲರ ಹಣದಲ್ಲಿ ಕೆಲವರ ಆಟ ನಡೆಯುವುದು ಶಿಕ್ಷಣವೇ ಅಥವಾ ಬೇರೇನಾದರೂ ಹೌದೇ? ಪ್ರಶ್ನೆ ಸಣ್ಣದೆನಿಸಬಹುದು. ಆದರೆ ಕಾಲೇಜು ಎಂಬುದು ಯಾತಕ್ಕಾಗಿ ಇದೆ ಎಂಬ ದೊಡ್ಡ ಪ್ರಶ್ನೆ ಇದರ ಬೆನ್ನಿಗೇ ಅಂಟಿಕೊಂಡಿದೆ.

ಗೋಖಲೆಯವರ ಹೆಸರಿನ ಭಾರ

ಅಂಕೋಲೆಯ ಮಟ್ಟಿಗೆ ಈ ದೊಡ್ಡ ಪ್ರಶ್ನೆಗೆ ಉತ್ತರ ಕಾಲೇಜಿನ ಹೆಸರಿನಲ್ಲೇ ಇದೆ. ದಿನಕರ ದೇಸಾಯಿಯವರನ್ನು (1909–1982) ಕನ್ನಡ ನಾಡು ಚುಟುಕಗಳ ಕವಿಯೆಂದು ನೆನೆಯುತ್ತದೆ. ಜಿಲ್ಲೆಯ ಜನ ಅವರನ್ನು ನೆನೆಯುವುದು ರೈತ ಹೋರಾಟಕ್ಕಾಗಿ ಮತ್ತು ಶಾಲೆಗಳಿಗಾಗಿ. ಗೋಪಾಲಕೃಷ್ಣ ಗೋಖಲೆ 1905ರಲ್ಲಿ ಸ್ಥಾಪಿಸಿದ ಭಾರತ ಸೇವಕ ಸಮಾಜದ ಸದಸ್ಯರಾಗಿದ್ದ ದೇಸಾಯಿಯವರು 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿದರು. 1966ರಲ್ಲಿ, ಗೋಖಲೆಯವರು ಹುಟ್ಟಿ ನೂರು ವರ್ಷವಾದಾಗ, ಅಂಕೋಲೆಯಲ್ಲಿ ಗೋಖಲೆ ಶತಮಾನೋತ್ಸವ ಕಾಲೇಜು ತೆರೆಯಿತು. ಮರುವರ್ಷ ಅವರು ಪಕ್ಷೇತರರಾಗಿ ನಿಂತು ಲೋಕಸಭೆಗೂ ಆಯ್ಕೆಯಾದರು.

ಗೋಖಲೆಯವರ ಹೆಸರು ಸುಮ್ಮನೆ ಗೌರವಕ್ಕೆ ಇಟ್ಟ ಹೆಸರಲ್ಲ. 1911ರಲ್ಲಿ ಅವರು ಬ್ರಿಟಿಷ್ ಭಾರತದ ಶಾಸನ ಸಭೆಯಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಬೇಕೆಂಬ ಮಸೂದೆ ಮಂಡಿಸಿದ್ದರು. ಮರುವರ್ಷ ಅದು 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಆ ಮಸೂದೆಯ ತಿರುಳು ಸರಳ: ಓದು ಎಂಬುದು ಜಾಣರನ್ನು ಹೆಕ್ಕಿ ತೆಗೆಯುವ ಜರಡಿಯಲ್ಲ, ಎಲ್ಲ ಮಕ್ಕಳಿಗೂ ಸಲ್ಲಬೇಕಾದ್ದು. ದೇಸಾಯಿಯವರ ಶಾಲೆಗಳೂ ಇದೇ ದಾರಿ ಹಿಡಿದವು. ಹಾಲಕ್ಕಿ, ಅಂಬಿಗ, ಹರಿಕಂತ್ರ, ಆಗೇರ ಮನೆಗಳಲ್ಲಿ ಮೊದಲ ಸಲ ಪದವಿ ಪಡೆದವರು ಬಂದದ್ದು, ಕಾಲೇಜು ಮುಂಬಯಿಯಿಂದಲೂ ಧಾರವಾಡದಿಂದಲೂ ಇಳಿದು ಊರ ಹತ್ತಿರ ಬಂದ ಮೇಲೆ.

ತರಗತಿಯ ಬಾಗಿಲಿಗೆ ಅನ್ವಯಿಸುವ ಈ ನ್ಯಾಯ ಮೈದಾನದ ಬೇಲಿಗೆ ಅನ್ವಯಿಸುವುದಿಲ್ಲವೇ? ಇತಿಹಾಸದ ಪಾಠವನ್ನು ಚೆನ್ನಾಗಿ ಓದುವ ಇಪ್ಪತ್ತು ಜನರಿಗೆ ಮಾತ್ರ ಹೇಳುತ್ತೇವೆ, ಉಳಿದವರು ಕಿಟಕಿಯಿಂದ ನೋಡಿ ಚಪ್ಪಾಳೆ ತಟ್ಟಲಿ ಎಂದು ಯಾವ ಪ್ರಾಧ್ಯಾಪಕರೂ ಹೇಳುವುದಿಲ್ಲ. ಆಟದ ವಿಷಯದಲ್ಲಿ ಮಾತ್ರ ಅದೇ ರೂಢಿ. ವಾರ್ಷಿಕ ಕ್ರೀಡಾಕೂಟದ ದಿನ ಓಡುವವರು ಹದಿನೈದು ಜನ, ನೆರಳು ಹುಡುಕಿ ಕೂತವರು ನೂರಾರು. ಮನೆಗೆ ಹೋದವರ ಲೆಕ್ಕ ಬೇರೆ.

ಮೂರು ಸಾವಿರ ಮಿಲಿಮೀಟರ್ ಮಳೆ

ಹುಡುಗರಿಗೆ ಉಮೇದಿಲ್ಲ, ಎಲ್ಲರೂ ಮೊಬೈಲು ಹಿಡಿದು ಕೂತಿರುತ್ತಾರೆ ಎನ್ನುವುದು ಸುಲಭದ ವಿವರಣೆ. ಅದರಲ್ಲಿ ಸುಳ್ಳಿಲ್ಲ. ಆದರೆ ಅದೇ ಹುಡುಗರು ರಾತ್ರಿ ಹೊನಲು ಬೆಳಕಿನ ವಾಲಿಬಾಲ್ ಪಂದ್ಯಾವಳಿಗೆ ಊರೂರು ಅಲೆಯುತ್ತಾರೆ. ಹೋಳಿಯ ಹೊತ್ತಿಗೆ ಹಾಲಕ್ಕಿ ಹುಡುಗರು ತಲೆಯ ಮೇಲೆ ತುರಾಯಿ ಹೊತ್ತು ದಿನಗಟ್ಟಲೆ ಮನೆಮನೆಗೆ ಸುಗ್ಗಿ ಕುಣಿಯುತ್ತಾರೆ. ರಂಪಣಿ ಬಲೆ ಎಳೆದ ಮನೆತನದವನಿಗೆ ಹಗ್ಗ ಜಗ್ಗುವುದನ್ನು ಯಾರೂ ಕಲಿಸಬೇಕಿಲ್ಲ. ಕಾರವಾರದ ಕಡಲ ದಂಡೆಯ ಮರಳಿನಲ್ಲಿ ಇಳಿಹೊತ್ತಿಗೆ ಕ್ರಿಕೆಟ್ಟು ಆಡದವರು ಯಾರು? ಕಾಲಿನಲ್ಲಿ ಕಸುವಿದೆ, ಆಟದ ಆಸೆಯೂ ಇದೆ. ಕಾಲೇಜಿನ ಆಟ ಮಾತ್ರ ಅವರಿಗೆ ದೂರ.

ಈ ದೂರಕ್ಕೆ ಕಾರಣಗಳನ್ನು ಹುಡುಕಿದರೆ ಎರಡು ತೀರ ಸಾದಾ ಸಂಗತಿಗಳು ಸಿಗುತ್ತವೆ: ಮಳೆ ಮತ್ತು ಬಸ್ಸು.

ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಅಂಕೋಲೆಯದೂ ಹೆಚ್ಚುಕಡಿಮೆ ಅದೇ ಕತೆ. ಕಾಲೇಜು ಶುರುವಾಗುವ ಹೊತ್ತಿಗೆ ಮೈದಾನ ಕೆರೆಯಾಗಿರುತ್ತದೆ. ನೀರು ಇಳಿದ ಮೇಲೆ ಮೊಣಕಾಲೆತ್ತರ ಹುಲ್ಲು. ಅರಬೈಲ್ ಘಟ್ಟ ಹತ್ತಿ ಯಲ್ಲಾಪುರ ದಾಟಿ ಹೋದರೆ ಸಿಗುವ ಧಾರವಾಡದಲ್ಲಿ ವರ್ಷದ ಮಳೆ ಸುಮಾರು 800 ಮಿಲಿಮೀಟರ್. ಅಲ್ಲಿಯ ಓಟಗಾರ ಜುಲೈನಲ್ಲಿ ಓಡುತ್ತಿರುವಾಗ ಇಲ್ಲಿಯವನು ಜಗಲಿಯಲ್ಲಿ ಕೂತು ಮೋಡ ನೋಡುತ್ತಿರುತ್ತಾನೆ. ಆಮೇಲೆ ಇಬ್ಬರೂ ಒಂದೇ ಗೆರೆಯ ಮೇಲೆ ನಿಂತು ಒಂದೇ ಸೀಟಿಗೆ ಓಡಬೇಕು. ಕರಾವಳಿಯ ಹುಡುಗ ಹಿಂದೆ ಬಿದ್ದರೆ ಅದರಲ್ಲಿ ಅವನ ಕಾಲಿನ ತಪ್ಪು ಎಷ್ಟು, ಮುಗಿಲಿನ ತಪ್ಪು ಎಷ್ಟು?

ಬಸ್ಸಿನ ಕತೆ ಇದಕ್ಕಿಂತ ಬಿಗಿ. ಕಾರವಾರ, ಅಂಕೋಲೆಯ ಕಾಲೇಜುಗಳಿಗೆ ಪೇಟೆಯ ಮಕ್ಕಳಿಗಿಂತ ಸುತ್ತಲಿನ ಹಳ್ಳಿಯ ಮಕ್ಕಳೇ ಆಧಾರ. ಮಾಜಾಳಿ, ಕದ್ರಾ, ಮಲ್ಲಾಪುರ, ಚೆಂಡಿಯೆ, ಅಮದಳ್ಳಿಯಿಂದ ಕಾರವಾರಕ್ಕೆ. ಬೆಳಂಬಾರ, ಅವರ್ಸಾ, ಅಗಸೂರು, ಸುಂಕಸಾಳದಿಂದ ಅಂಕೋಲೆಗೆ. ಹೆದ್ದಾರಿಯ ಮೇಲಿನ ಊರಾದರೆ ಚಿಂತೆಯಿಲ್ಲ. ಒಳನಾಡಿನ ಹಳ್ಳಿಯಾದರೆ ಸಂಜೆಯ ಬಸ್ಸು ಒಂದು ತಪ್ಪಿದರೆ ಮುಂದಿನದಕ್ಕೆ ಕತ್ತಲಾಗುತ್ತದೆ, ಕೆಲವೆಡೆ ಮುಂದಿನದೇ ಇರುವುದಿಲ್ಲ. ಆಟದ ಅಭ್ಯಾಸ ಶುರುವಾಗುವುದು ತರಗತಿಗಳು ಮುಗಿದ ಮೇಲೆ. ಬಸ್ಸು ಹೊರಡುವುದೂ ಆಗಲೇ. ಹೀಗಾಗಿ ತಂಡದ ಆಯ್ಕೆ ಪಿ.ಟಿ. ಮಾಸ್ತರ ಸೀಟಿಗಿಂತ ಮೊದಲೇ ಕಂಡಕ್ಟರನ ಸೀಟಿಯಿಂದ ಆಗಿಬಿಟ್ಟಿರುತ್ತದೆ!

ಹೆಣ್ಣುಮಕ್ಕಳಿಗೆ ಇದು ಇನ್ನೂ ಬಿಗಿ. 2023ರ ಜೂನ್‌ನಲ್ಲಿ ‘ಶಕ್ತಿ’ ಯೋಜನೆ ಬಂದು ಅವರ ಟಿಕೆಟ್ಟಿನ ಚಿಂತೆ ತಪ್ಪಿತು. ವೇಳೆಯ ಚಿಂತೆ ಅದರಿಂದ ತಪ್ಪುವುದಲ್ಲ. ಕತ್ತಲಾದ ಮೇಲೆ ಬಸ್ಸು ಇಳಿದು ಗದ್ದೆಯ ಹಾಳಿಯ ಮೇಲೆ ಒಬ್ಬಳೇ ನಡೆದು ಬರುವ ಮಗಳಿಗಾಗಿ ಕಾಯುವ ತಾಯಿಗೆ, ಖೋಖೋದಿಂದ ವ್ಯಕ್ತಿತ್ವ ವಿಕಸನವಾಗುತ್ತದೆ ಎಂದು ಹೇಳಿ ಪ್ರಯೋಜನವಿಲ್ಲ. ಮೈದಾನದ ಪಕ್ಕ ಬಟ್ಟೆ ಬದಲಿಸಲು ಒಂದು ಕೋಣೆ, ಒಂದು ಶೌಚಾಲಯ ಇಲ್ಲದಿದ್ದರೆ ಮಗಳೇ ಬರಲೊಪ್ಪುವುದಿಲ್ಲ.

ಎಣಿಕೆಯಾಗುವುದು ಏನು?

ಕಾಲೇಜುಗಳನ್ನು ತೂಗುವ ತಕ್ಕಡಿಯೂ ಈ ಮಕ್ಕಳನ್ನು ಕಾಣುವುದಿಲ್ಲ. 1994ರಲ್ಲಿ ಹುಟ್ಟಿದ ನ್ಯಾಕ್ ಸಂಸ್ಥೆ ಕಾಲೇಜುಗಳಿಗೆ ಶ್ರೇಣಿ ಕೊಡುತ್ತ ಬಂದಿದೆ. ಬಹುಕಾಲ ಬಳಕೆಯಲ್ಲಿದ್ದ ಅದರ ಕೈಪಿಡಿಯಲ್ಲಿ ಕ್ರೀಡೆಗೆ ಒಂದು ಅಂಕಣವಿತ್ತು: ವಿಶ್ವವಿದ್ಯಾಲಯ, ರಾಜ್ಯ, ರಾಷ್ಟ್ರ ಮಟ್ಟದಲ್ಲಿ ವಿದ್ಯಾರ್ಥಿಗಳು ಗೆದ್ದ ಪದಕ, ಪ್ರಶಸ್ತಿಗಳೆಷ್ಟು? ಸೌಕರ್ಯ, ಸ್ಪರ್ಧೆಗಳ ಬಗ್ಗೆಯೂ ಪ್ರಶ್ನೆಗಳಿದ್ದವು. ಆದರೆ ಮೂರು ವರ್ಷದಲ್ಲಿ ಒಮ್ಮೆಯೂ ಆಡದೆ ಹೋದವರು ಎಷ್ಟು ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಯಾವ ಪ್ರಾಂಶುಪಾಲರೂ ಉತ್ತರ ಸಿದ್ಧಪಡಿಸುವುದಿಲ್ಲ. ಪದಕ ತರುವ ನಾಲ್ವರು ಇದ್ದರೆ ಸಾಕು, ಅಂಕಣ ತುಂಬುತ್ತದೆ.

ರಾಷ್ಟ್ರ ಮಟ್ಟದಲ್ಲೂ ಇದೇ ಗಾಳಿ. ಕ್ರೀಡೆಯಲ್ಲಿ ಮುಂದಿರುವ ವಿಶ್ವವಿದ್ಯಾಲಯಕ್ಕೆ 1956–57ರಿಂದ ಮೌಲಾನಾ ಅಬುಲ್ ಕಲಾಂ ಆಜಾದ್ ಟ್ರೋಫಿ ಕೊಡಲಾಗುತ್ತಿದೆ. 2020ರಲ್ಲಿ ಭುವನೇಶ್ವರದಲ್ಲಿ ಶುರುವಾದ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ 2022ರಲ್ಲಿ ಬೆಂಗಳೂರಿಗೂ ಬಂತು. ಇವೆಲ್ಲ ಬೇಕಾದವೇ. ಎತ್ತರಕ್ಕೆ ಹಾರಬಲ್ಲವನಿಗೆ ಎತ್ತರದ ಕಂಬ ಬೇಕು. ಆದರೆ ಕಂಬದ ಎತ್ತರವೊಂದನ್ನೇ ಅಳೆಯುತ್ತ ಹೋದರೆ ದಾರಿ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಅಮೆರಿಕದ ಉದಾಹರಣೆ ಕಣ್ಣೆದುರಿಗಿದೆ.

ಅಲ್ಲಿಯ ಮೊದಲ ಅಂತರ್ ಕಾಲೇಜು ಸ್ಪರ್ಧೆ 1852ರಲ್ಲಿ ಹಾರ್ವರ್ಡ್ ಮತ್ತು ಯೇಲ್ ನಡುವೆ ನಡೆದ ದೋಣಿ ಪಂದ್ಯ. ಖರ್ಚು ಕೊಟ್ಟದ್ದು ಒಂದು ರೈಲ್ವೆ ಕಂಪನಿ. ಸರೋವರದ ಕಡೆಗೆ ಪ್ರವಾಸಿಗಳು ಬರಲಿ ಎಂಬುದು ಅದರ ಲೆಕ್ಕ. ವ್ಯಾಪಾರ ಹೀಗೆ ಮೊದಲ ದಿನವೇ ದೋಣಿ ಹತ್ತಿತ್ತು. 1905ರ ಒಂದೇ ವರ್ಷ ಅವರ ಫುಟ್‌ಬಾಲಿನಲ್ಲಿ 18ರಷ್ಟು ಹುಡುಗರು ಸತ್ತರು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟ್ ಕಾಲೇಜುಗಳವರನ್ನು ಕರೆದು ಗದರಿಸಬೇಕಾಯಿತು. 1906ರಲ್ಲಿ ಆಟಕ್ಕೆ ಕಡಿವಾಣ ಹಾಕುವ ಸಂಘ ಹುಟ್ಟಿತು. ಆ ಸಂಘವೇ ಮುಂದೆ ಟೆಲಿವಿಷನ್ ಹಕ್ಕುಗಳ ದೊಡ್ಡ ವ್ಯಾಪಾರಿಯಾಯಿತು. 2021ರಿಂದ ಆಟಗಾರ ವಿದ್ಯಾರ್ಥಿಗಳು ತಮ್ಮ ಹೆಸರು, ಮುಖ ಬಳಸಿ ಹಣ ಗಳಿಸಬಹುದೆಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ರಾಜಿಯಂತೆ ಒಂದೊಂದು ವಿಶ್ವವಿದ್ಯಾಲಯವೂ ವರ್ಷಕ್ಕೆ ಸುಮಾರು 2 ಕೋಟಿ ಡಾಲರಿನವರೆಗೆ ತನ್ನ ಆಟಗಾರರಿಗೆ ನೇರವಾಗಿ ಹಂಚಬಹುದು. ದುಡಿದವರಿಗೆ ಕೂಲಿ ಸಿಕ್ಕಿತೆಂದು ಸಂತೋಷಪಡಬಹುದು. ಆದರೆ ಅದನ್ನು ಶಿಕ್ಷಣವೆಂದು ಕರೆಯುವುದು ಕಷ್ಟ.

ಕಾರವಾರಕ್ಕೂ ಆ ಕೋಟಿಗಳಿಗೂ ಏನು ಸಂಬಂಧ ಎಂದು ಕೇಳಬಹುದು. ಹಣದ ಸಂಬಂಧವಿಲ್ಲ, ನಿಜ. ಆದರೆ ಆಡುವವರು ಕೆಲವರು, ನೋಡುವವರು ಹಲವರು ಎಂಬ ಏರ್ಪಾಡು ಮಾತ್ರ ಎರಡೂ ಕಡೆ ಒಂದೇ.

ಘಟ್ಟದ ಮೇಲಿನ ಒಂದು ಪಾಠ

ಇದಕ್ಕೆ ಜಿಲ್ಲೆಯೊಳಗಿನ ಉದಾಹರಣೆಯೂ ಇದೆ. 1987ರಲ್ಲಿ, ಮಾರ್ಗರೆಟ್ ಆಳ್ವ ಕೇಂದ್ರದಲ್ಲಿ ಕ್ರೀಡೆಯ ರಾಜ್ಯ ಸಚಿವೆಯಾಗಿದ್ದಾಗ, ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಪ್ರದೇಶ ಕ್ರೀಡಾ ಯೋಜನೆಯಡಿ ಉತ್ತರ ಕನ್ನಡದ ಸಿದ್ದಿ ಮಕ್ಕಳನ್ನು ಓಟ, ಜಿಗಿತಕ್ಕೆ ಆಯ್ದುಕೊಂಡಿತು. ಆಫ್ರಿಕಾ ಮೂಲದ ಮೈಕಟ್ಟು ಒಲಿಂಪಿಕ್ ಪದಕ ತಂದೀತು ಎಂಬುದು ಆಸೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನ ಮಕ್ಕಳು ಮೊದಲ ಸಲ ಸ್ಪೈಕ್ ಶೂ ಕಂಡರು. ರಾಷ್ಟ್ರ ಮಟ್ಟದ ಕೂಟಗಳಲ್ಲಿ ಪದಕ ಗೆದ್ದವರೂ ಆದರು, ಅದರ ಬಲದಿಂದ ಸರ್ಕಾರಿ ನೌಕರಿ ಹಿಡಿದವರೂ ಆದರು.

1993ರಲ್ಲಿ ಯೋಜನೆ ನಿಂತಿತು. ಒಲಿಂಪಿಕ್ ಪದಕ ಬರಲಿಲ್ಲವಲ್ಲ! ನೌಕರಿ ಸಿಕ್ಕವರು ಬದುಕಿಕೊಂಡರು. ಸಿಗದವರು ಊರಿಗೆ ಮರಳಿ ಕೂಲಿಗೆ ನಿಂತರು. ಅದೇ ಸಿದ್ದಿಗಳಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಗಲು 2003ರವರೆಗೆ ಕಾಯಬೇಕಾಯಿತು. ಕಾಲನ್ನು ನೋಡಿ ಕರೆದೊಯ್ದವರಿಗೆ ಇಡೀ ಮನುಷ್ಯ ಕಂಡಿರಲಿಲ್ಲ. ಆಟವನ್ನು ಶಿಕ್ಷಣದ ಜೊತೆಗೆ ಗಟ್ಟಿಯಾಗಿ ಕಟ್ಟಿದ್ದರೆ, ಪದಕ ಬಾರದೆ ಹೋದರೂ ಅವನ ಕೈಯಲ್ಲಿ ಏನಾದರೂ ಉಳಿಯುತ್ತಿತ್ತು. ಪದಕಕ್ಕಾಗಿಯೇ ಇರುವ ಆಟ, ಪದಕ ಬಾರದ ದಿನ ಆಟಗಾರನನ್ನು ನಡುದಾರಿಯಲ್ಲಿ ಬಿಡುತ್ತದೆ.

ಇದಕ್ಕೆ ಪ್ರತಿಯಾಗಿ ಒಂದು ಮಾತು ಕೇಳಿಬರುವುದುಂಟು, ಅದನ್ನು ತಳ್ಳಿಹಾಕುವಂತಿಲ್ಲ. ಬಡವರ ಮಕ್ಕಳಿಗೆ ಕ್ರೀಡೆ ಒಂದು ಏಣಿ. ಪೊಲೀಸು, ರೈಲ್ವೆ, ಸೇನೆಯಲ್ಲಿ ಆಟಗಾರರಿಗೆ ಅವಕಾಶವಿದೆ. ‘ಯೂನಿವರ್ಸಿಟಿ ಬ್ಲೂ’ ಆದವನ ಅರ್ಜಿಗೆ ತೂಕವಿದೆ. ಇರುವ ಅಲ್ಪ ಹಣವನ್ನು ಎಲ್ಲರಿಗೂ ಹಂಚಿ ತೆಳ್ಳಗೆ ಮಾಡಿದರೆ ಆ ನಾಲ್ವರ ಏಣಿಯನ್ನೂ ಕಿತ್ತುಕೊಂಡಂತೆ ಆಗುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಆದರೆ ಆ ನಾಲ್ವರು ಯಾರು ಎಂಬುದು ಗೊತ್ತಾಗುವುದಾದರೂ ಹೇಗೆ? ಎಲ್ಲರೂ ಒಮ್ಮೆ ಮೈದಾನಕ್ಕೆ ಇಳಿದರೆ ತಾನೇ? ಸುಂಕಸಾಳದ ಬಸ್ಸಿನಲ್ಲಿ ದಿನವೂ ನಾಲ್ಕಕ್ಕೆ ಮನೆಗೆ ಹೋಗುತ್ತಿರುವ ಹುಡುಗಿಯೇ ಜಿಲ್ಲೆಯ ಒಳ್ಳೆಯ ಎತ್ತರ ಜಿಗಿತಗಾರ್ತಿ ಆಗಿರಬಹುದು. ಅದು ಅವಳಿಗೂ ಗೊತ್ತಿಲ್ಲ, ಕಾಲೇಜಿಗೂ ಗೊತ್ತಿಲ್ಲ. ಎಲ್ಲರ ಆಟಕ್ಕೂ ಕೆಲವರ ಗೆಲುವಿಗೂ ವೈರವಿಲ್ಲ; ಮೊದಲನೆಯದು ಎರಡನೆಯದರ ಬೀಜ.

ಇನ್ನು, ಮನೆಯಲ್ಲಿ ಗದ್ದೆ, ದೋಣಿ ಎಂದು ಮೈಮುರಿಯುವ ಮಕ್ಕಳಿಗೆ ಕಾಲೇಜಿನಲ್ಲೂ ಬೆವರು ಯಾಕೆ ಎನ್ನುವವರಿದ್ದಾರೆ. ದುಡಿತವೇ ಬೇರೆ, ಆಟವೇ ಬೇರೆ. ದುಡಿತದಲ್ಲಿ ಸೋತರೆ ಹೊಟ್ಟೆಗೆ ಪೆಟ್ಟು. ಆಟದಲ್ಲಿ ಸೋತರೆ ನಾಳೆ ಮತ್ತೆ ಆಡಬಹುದು. ಅಂಪೈರ್ ತಪ್ಪು ತೀರ್ಪು ಕೊಟ್ಟರೂ ಒಪ್ಪಿ ಮುಂದೆ ಆಡುವುದು, ಊರಿನಲ್ಲಿ ಒಟ್ಟಿಗೆ ಕೂತು ಉಣ್ಣದವರ ಮಕ್ಕಳು ಒಂದೇ ತಂಡದಲ್ಲಿ ಹೆಗಲಿಗೆ ಹೆಗಲು ಕೊಡುವುದು ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಗ್ರೀಸಿನ ಪ್ಲೇಟೋ ಪಾಠ ಹೇಳುತ್ತಿದ್ದ ‘ಅಕಾಡೆಮಿ’ ಊರ ಹೊರಗಿನ ಒಂದು ವ್ಯಾಯಾಮಶಾಲೆಯ ತೋಪು. ಮೈಯನ್ನು ಹೊರಗಿಟ್ಟು ಬುದ್ಧಿಯನ್ನು ಮಾತ್ರ ಒಳಗೆ ಕರೆಯುವ ಪದ್ಧತಿ ಆಮೇಲಿನದು.

ಒಂದು ಪೀರಿಯಡ್ ಸಾಕು

ಹಾಗಾದರೆ ಮಾಡಬೇಕಾದ್ದೇನು? ಸಿಂಥೆಟಿಕ್ ಟ್ರ್ಯಾಕ್ ಬೇಕು, ಒಳಾಂಗಣ ಕ್ರೀಡಾಂಗಣ ಬೇಕು ಎಂಬ ಮನವಿಗಳನ್ನು ಬಂದ ಪ್ರತಿ ಮಂತ್ರಿಗೂ ಕೊಡುವುದು ಇದ್ದೇ ಇದೆ. ಅವು ಬರುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳೂ ಉಂಟು.

ಮೊದಲನೆಯದು, ಆಟವನ್ನು ಬಸ್ಸಿನ ಈಚೆಗೆ ತರುವುದು. ವಾರಕ್ಕೆ ಎರಡು ದಿನ ಪ್ರತಿ ವರ್ಗಕ್ಕೂ ಟೈಮ್‌ಟೇಬಲ್ಲಿನ ಒಳಗೇ ಒಂದು ಪೀರಿಯಡ್ ಇಟ್ಟರೆ ಸಂಜೆಯ ಜಗಳವೇ ಇಲ್ಲ. ಎರಡನೆಯದು, ವರ್ಗ ವರ್ಗಗಳ ನಡುವೆ ವರ್ಷವಿಡೀ ನಡೆಯುವ ಪಂದ್ಯಗಳು. ಬಿ.ಎ. ಮೊದಲ ವರ್ಷದವರು ಬಿ.ಕಾಂ. ಎರಡನೆಯ ವರ್ಷದವರ ಮೇಲೆ ಆಡಲು ಧಾರವಾಡದ ಟಿ.ಎ. ಬೇಡ, ಒಂದು ಚೆಂಡು ಸಾಕು. ಮೂರನೆಯದು ಮಳೆಗಾಲದ ಲೆಕ್ಕ. ಚದುರಂಗ, ಕೇರಂ, ಟೇಬಲ್ ಟೆನ್ನಿಸ್, ಯೋಗಾಸನ, ಸೂರ್ಯ ನಮಸ್ಕಾರಕ್ಕೆ ಒಂದು ಉದ್ದನೆಯ ಜಗಲಿ ಸಾಕು. ಕರಾವಳಿಯ ಕಬಡ್ಡಿಗೆ ಕೆಸರಿನ ಹೆದರಿಕೆ ಮೊದಲೇ ಇಲ್ಲ. ನಾಲ್ಕನೆಯದು, ಜಿಮಖಾನಾ ಲೆಕ್ಕವನ್ನು ನೋಟಿಸ್ ಬೋರ್ಡಿಗೆ ಹಚ್ಚುವುದು: ಎಷ್ಟು ಬಂತು, ಎಷ್ಟು ಜನರ ಮೇಲೆ ಖರ್ಚಾಯಿತು. ಶುಲ್ಕ ಕಟ್ಟಿದವರಿಗೆ ಅಷ್ಟು ತಿಳಿಯುವ ಹಕ್ಕಿದೆ. ಐದನೆಯದು, ತಂಡದ ಜೊತೆ ಹೊರಗೆ ಹೋಗಿ ತರಗತಿ ತಪ್ಪಿಸಿಕೊಂಡವನಿಗೆ ಹಾಜರಿ ಕೊಟ್ಟು ಕೈತೊಳೆದುಕೊಳ್ಳದೆ ತಪ್ಪಿದ ಪಾಠವನ್ನು ಹೇಳಿಕೊಡುವುದು. ಹಾಜರಿ ಕೊಟ್ಟು ಪಾಠ ಕೊಡದಿದ್ದರೆ ಅದು ಉಪಕಾರದಂತೆ ಕಂಡರೂ ಅಪಕಾರವೇ.

ಇವೆಲ್ಲಕ್ಕೂ ಒಬ್ಬ ಮನುಷ್ಯ ಬೇಕು. ಇತಿಹಾಸದ ಹುದ್ದೆ ಖಾಲಿಯಾದರೆ ಪರೀಕ್ಷೆ ನಿಲ್ಲುತ್ತದೆಂಬ ಹೆದರಿಕೆಗಾದರೂ ಅತಿಥಿ ಉಪನ್ಯಾಸಕರು ಬರುತ್ತಾರೆ. ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ ಖಾಲಿ ಬಿದ್ದರೆ ಯಾವ ಪರೀಕ್ಷೆಯೂ ನಿಲ್ಲುವುದಿಲ್ಲ. ಹುಲ್ಲು ಮಾತ್ರ ಬೆಳೆಯುತ್ತದೆ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂದಾಗ ದೈಹಿಕ ಶಿಕ್ಷಣ, ಕ್ರೀಡೆಗೂ ಕ್ರೆಡಿಟ್ ಸಿಕ್ಕಿತು. 2024ರಲ್ಲಿ ರಾಜ್ಯ ಆ ಚೌಕಟ್ಟನ್ನು ಬಿಟ್ಟು ಮೂರು ವರ್ಷದ ಪದವಿಗೆ ಮರಳಿತು. ನೀತಿ ಯಾವುದೇ ಇರಲಿ, ಮೈದಾನಕ್ಕೆ ಇಳಿಸುವ ಮಾಸ್ತರರು ಇಲ್ಲದಿದ್ದರೆ ಕ್ರೆಡಿಟ್ ಕಾಗದದಲ್ಲೇ ಓಡಿ ಕಾಗದದಲ್ಲೇ ಗೆಲ್ಲುತ್ತದೆ.

1986ರಲ್ಲಿ ಅಡಿಗಲ್ಲು ಬಿದ್ದು 2005ರಲ್ಲಿ ಕಾರ್ಯಾರಂಭ ಮಾಡಿದ ಸೀಬರ್ಡ್ ನೌಕಾನೆಲೆಗಾಗಿ ಕಾರವಾರ, ಅಂಕೋಲೆ ತಾಲೂಕುಗಳ ಸಾವಿರಾರು ಕುಟುಂಬಗಳು ಊರು ಬಿಟ್ಟವು. ಕಡಲ ದಂಡೆಯೇ ಆಟದ ಬಯಲಾಗಿದ್ದ ಹಳ್ಳಿಗಳ ಮಕ್ಕಳಿಗೆ ಆ ಬಯಲೂ ಹೋಯಿತು. ಪುನರ್ವಸತಿ ಕಾಲೊನಿಯ ಸೈಟುಗಳ ನಡುವೆ ಬೆಳೆದ ಅಂಥ ಹುಡುಗನಿಗೆ, ಹುಡುಗಿಗೆ ಒಂದಿಷ್ಟು ವಿಶಾಲ ನೆಲ ತನ್ನದೆಂದು ಸಿಗುವುದಾದರೆ ಅದು ಕಾಲೇಜಿನ ಮೈದಾನ ಮಾತ್ರ. ಅಲ್ಲೂ ಅವರು ಗೆರೆಯ ಆಚೆಗೇ ನಿಂತು ಉಳಿದವರಿಗೆ ಚಪ್ಪಾಳೆ ತಟ್ಟಬೇಕೇ? ಜಿಮಖಾನಾ ಸಮಾರೋಪದ ಮುಖ್ಯ ಅತಿಥಿ ಗೆದ್ದವರಿಗೆ ಕಪ್ಪು ಕೊಡುವ ಮೊದಲು ಪ್ರಾಂಶುಪಾಲರ ಕಡೆ ತಿರುಗಿ, ಈ ವರ್ಷ ನಿಮ್ಮಲ್ಲಿ ಆಡಿದವರು ಒಟ್ಟು ಎಷ್ಟು ಜನ ಎಂದು ಒಂದು ಮಾತು ಕೇಳಿದರೆ ಸಾಕು. ಮುಂದಿನ ವರ್ಷದ ಟೈಮ್‌ಟೇಬಲ್ ತಾನಾಗಿ ಬದಲಾದೀತು.